ಕೋಳಿಗೂಡಿನ ಬಿಳಿ ಬಣ್ಣ

ಲೊರೀನ್ ಸ್ಟಕಿಯ ಕೈಕೆಲಸದ ಕೋಣೆಯನ್ನು ನೋಡದ ಹೆಂಗಸರು ವೆಲ್‌ಬರ್ನ್ ಊರಿನಲ್ಲಿ ಹೆಚ್ಚಿಲ್ಲ. ಇಂಡಿಯಾನಾದ ಮುಸುಕಿನ ಜೋಳದ ಹೊಲಗಳ ನಡುವೆ ಒಂದು ದೊಡ್ಡ ರಸ್ತೆ, ನಾಲ್ಕು ಚರ್ಚು, ಎರಡು ಪೆಟ್ರೋಲ್ ಬಂಕ್ ಇರುವ ಊರು. ಅಲ್ಲಿ ಒಬ್ಬರ ಅಡುಗೆಮನೆಗೆ ಹೊಸ ಪರದೆ ಬಂದರೆ ಭಾನುವಾರದೊಳಗೆ ಊರಿಗೆಲ್ಲ ಗೊತ್ತು. ಹೀಗಿರುವಾಗ ಶಾಲೆಯ ಊಟದ ಮನೆಯಲ್ಲಿ ಇಪ್ಪತ್ತೇಳು ವರ್ಷ ಸೌಟು ಹಿಡಿದು ನಿವೃತ್ತಳಾದ ಹೆಂಗಸು, ಮಗಳು ಮದುವೆಯಾಗಿ ಬಿಟ್ಟುಹೋದ ಕೋಣೆಯನ್ನು ಪೂರ್ತಿ ಗುಜರಿ ಸಾಮಾನಿನಿಂದಲೇ ಸಿಂಗರಿಸಿದ್ದಾಳೆ ಎಂದರೆ ನೋಡಲು ಬಾರದೆ ಇರುತ್ತಾರೆಯೇ?

ಬಂದವರು ಬಾಗಿಲಲ್ಲೇ ಬಾಯಿಬಿಟ್ಟು ನಿಲ್ಲುತ್ತಿದ್ದರು. ಒಂದು ಗೋಡೆಗೆ, ಯಾವುದೋ ಕಾಲದ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ನಲವತ್ತು ಖಾನೆಗಳ ಕಪಾಟು. ಈಗ ಖಾನೆಗೊಂದು ಬಣ್ಣದ ಬಟ್ಟೆಯ ಮಡಿಕೆ. ಬೀಜದಂಗಡಿಯ ಪುಟ್ಟ ಡ್ರಾಯರುಗಳಲ್ಲಿ ಗುಂಡಿ, ಹುಕ್ಕು, ಲೇಸು. ಡ್ರಾಯರಿನ ಮೇಲಿನ ಚೀಟಿಗಳು ಮಾತ್ರ ಇನ್ನೂ ಮೂಲಂಗಿ, ಎಲೆಕೋಸು ಎಂದೇ ಹೇಳುತ್ತಿದ್ದವು. ಸೇಬು ಕೀಳುವ ಏಣಿಯ ಮೆಟ್ಟಿಲುಗಳಿಗೆ ಹೊಲಿದು ಮುಗಿಸಿದ ಕೌದಿಗಳು ತೂಗುಬಿದ್ದಿದ್ದವು. ಹಳೆಯ ಕಿಟಕಿ ಬಾಗಿಲೊಂದರ ಪಟ್ಟಿಗಳ ಸಂದಿಯಿಂದ ರಿಬ್ಬನ್ನುಗಳು ಇಳಿದಿದ್ದವು. ಹೊಸದೆಂದು ಅಲ್ಲಿದ್ದದ್ದು ಹೊಲಿಗೆ ಯಂತ್ರ ಒಂದೇ. ಅದಕ್ಕೂ ಲೊರೀನ್ ಹಳೆಯ ಮೇಜುಬಟ್ಟೆ ಹೊದಿಸಿ ಮರೆಮಾಡುತ್ತಿದ್ದಳು.

"ನನ್ನನ್ನ ಇನ್ನೂ ಇಟ್ಕೊಂಡಿರೋದೂ ಹಳೇ ಸಾಮಾನು ಅಂತಲೇ," ಎಂದು ಅವಳ ಗಂಡ ವೆಂಡೆಲ್ ಬಂದವರಿಗೆಲ್ಲ ಹೇಳುತ್ತಿದ್ದ. ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡಿಕೊಂಡಿದ್ದು ನಿವೃತ್ತನಾದವನು. "ಮೊಣಕಾಲು ಕಿರ್ ಅನ್ನತ್ತೆ ನೋಡಿ, ಅದಕ್ಕೇ ನಂಗೆ ರೇಟು ಜಾಸ್ತಿ."

"ನಿನ್ನನ್ನ ಮೂರು ಸಲ ಸಂತೆಗೆ ಕರ್ಕೊಂಡು ಹೋಗಿ ಬಂದೆ. ಯಾರೂ ಕೇಳ್ಲಿಲ್ಲ ಕಣೋ," ಎನ್ನುತ್ತಿದ್ದಳು ಲೊರೀನ್.

ಈ ಹುಚ್ಚು ಎಲ್ಲಿಂದ ಬಂತು ಎಂದು ಕೇಳಿದರೆ ಅವಳಿಗೆ ಗೊತ್ತಿತ್ತು, ಆದರೆ ಹೇಳುತ್ತಿರಲಿಲ್ಲ. ಅವಳು ಬೆಳೆದದ್ದು ಚಕ್ರದ ಮೇಲಿನ ತಗಡಿನ ಮನೆಗಳಲ್ಲಿ. ಹದಿನೆಂಟು ತುಂಬುವುದರೊಳಗೆ ಹನ್ನೊಂದು ಸಲ ಊರು ಬದಲಾಗಿತ್ತು. ಪ್ರತಿಸಲವೂ ತಾಯಿ, "ಹೊತ್ಕೊಂಡು ಯಾರು ಸಾಯ್ತಾರೆ" ಎಂದು ಮನೆಯ ಸಾಮಾನನ್ನೆಲ್ಲ ರಸ್ತೆ ಬದಿಗೆ ಎಸೆದು ಹೊರಡುತ್ತಿದ್ದಳು. ಲೊರೀನಳ ಬಳಿ ತನ್ನ ಬಾಲ್ಯದ ಒಂದು ಚಮಚವೂ ಇಲ್ಲ. ಹಾಗಾಗಿ ಯಾರದೋ ಅಜ್ಜಿ ಅರವತ್ತು ವರ್ಷ ಒಂದೇ ಮೂಲೆಯಲ್ಲಿಟ್ಟು ಬಳಸಿದ ಪೆಟ್ಟಿಗೆಯನ್ನು ಕಂಡರೆ ಅವಳಿಗೆ ಮುಟ್ಟದೆ ಮುಂದೆ ಹೋಗಲಾಗುತ್ತಿರಲಿಲ್ಲ.

ಇನ್ನು ಬಣ್ಣದ ವಿಷಯ. ಈ ಕಡೆಯ ಜನರದ್ದು ವಿಚಿತ್ರ. ಹೊಸ ಕಾರಿಗೆ ಒಂದು ಗೀರು ಬಿದ್ದರೆ ವಾರವಿಡೀ ಗೊಣಗುತ್ತಾರೆ. ಹಳೆಯ ಕುರ್ಚಿಯ ಬಣ್ಣ ಹಪ್ಪಳದಂತೆ ಎದ್ದು ನಿಂತಿದ್ದರೆ ಮುದ್ದುಗರೆಯುತ್ತಾರೆ. ಬಣ್ಣ ಎದ್ದಷ್ಟೂ ಬೆಲೆ. ಅದರ ಮೇಲೆ ಹೊಸ ಬಣ್ಣ ಬಳಿದಿರೋ, ಸಂತೆಯಲ್ಲಿ ನಿಮ್ಮ ಮುಖ ನೋಡುವವರಿಲ್ಲ. ಎದ್ದದ್ದು ಸಾಲದಿದ್ದರೆ ಉಪ್ಪುಕಾಗದ ತಗೊಂಡು ಅಂಚುಗಳನ್ನು ತಾವೇ ಉಜ್ಜಿ, ನೂರು ವರ್ಷ ಕೈ ತಾಗಿ ಸವೆದಂತೆ ಮಾಡುತ್ತಾರೆ. ಲೊರೀನಳ ಕೈ ಅದರಲ್ಲಿ ಪಳಗಿತ್ತು. ಎಲ್ಲಿ ಬೆರಳು ತಾಗುತ್ತಿತ್ತು, ಎಲ್ಲಿ ಮೊಣಕೈ ಒರಗುತ್ತಿತ್ತು ಎಂದು ಮೊದಲು ಯೋಚಿಸಿ, ಅಲ್ಲಷ್ಟೇ ಉಜ್ಜುತ್ತಿದ್ದಳು. ಅವಳು ಸವೆಸಿದ್ದು ಯಾವುದು, ಕಾಲ ಸವೆಸಿದ್ದು ಯಾವುದು ಎಂದು ವ್ಯಾಪಾರಿಗಳಿಗೂ ಗೊತ್ತಾಗುತ್ತಿರಲಿಲ್ಲ.

ಮಗಳು ಟೆಸಾ ಪಕ್ಕದ ಊರಿನ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಅಳಿಯ ದೂರದೂರಿಗೆ ಲಾರಿ ಓಡಿಸುವವನು. ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಪುಣ್ಯ. ಅಕ್ಟೋಬರಿನಲ್ಲಿ ಹುಟ್ಟಿದ ಮೊಮ್ಮಗಳು ಜೂನಿ ಐದು ತಿಂಗಳಾದಾಗಿನಿಂದ ಹಗಲಿಡೀ ಅಜ್ಜಿಯ ಬಳಿಯೇ. ಅಜ್ಜಿ ಹೊಲಿಯುವಾಗ ಜೂನಿ ಕೈಕೆಲಸದ ಕೋಣೆಯ ನೆಲದ ಮೇಲೆ ಕೌದಿಯಲ್ಲಿ ಮಲಗಿ ರಿಬ್ಬನ್ನುಗಳನ್ನು ನೋಡುತ್ತಿದ್ದಳು. ಆಮೇಲೆ ಕೂತಳು, ಆಮೇಲೆ ಅಂಬೆಗಾಲಿಟ್ಟಳು. ಲೊರೀನ್ ಜೀವಮಾನದಲ್ಲಿ ಅಷ್ಟು ಸುಖವಾಗಿದ್ದದ್ದು ಬೇರೆ ಯಾವಾಗಲೂ ಇಲ್ಲ.

ಆ ಆಗಸ್ಟಿನ ಸಂತೆಯಲ್ಲಿ ಅವಳ ಕಣ್ಣು ಕೋಳಿಗೂಡಿನ ಮೇಲೆ ಬಿತ್ತು. ಏಪ್ರಿಲಿನಿಂದ ಅಕ್ಟೋಬರಿನವರೆಗೆ ತಿಂಗಳ ಮೊದಲ ಶನಿವಾರ, ಊರಾಚೆಯ ಜಾನುವಾರು ಪ್ರದರ್ಶನದ ಬಯಲಿನಲ್ಲಿ ಹಳೇ ಸಾಮಾನಿನ ಸಂತೆ ಕೂಡುತ್ತಿತ್ತು. ಹಾರ್ಲನ್ ಪೀಟ್ ಎಂಬ ಮುದುಕ ವ್ಯಾಪಾರಿಯ ಗಾಡಿಯ ಹಿಂದೆ, ಹೆಂಟೆಗಳು ಮೊಟ್ಟೆಯಿಡಲು ಮಾಡಿದ್ದ ಮರದ ಗೂಡು ಒರಗಿ ನಿಂತಿತ್ತು. ಮೇಲೆ ನಾಲ್ಕು, ಕೆಳಗೆ ನಾಲ್ಕು ಮನೆ. ದಪ್ಪ ಬಿಳಿ ಬಣ್ಣ, ಅಲ್ಲಲ್ಲಿ ಬಿರಿದಿತ್ತು.

"ಅದ್ರಲ್ಲಿ ಏನ್ ಇಡ್ತೀಯಮ್ಮಾ, ಮೊಟ್ಟೆನಾ?" ಎಂದ ಹಾರ್ಲನ್.

"ನೀನೇ ಹೋಗಿ ಕೂತ್ಕೋ, ಇಟ್ರೂ ಇಡಬಹುದು."

"ನನ್ ಹೆಂಡ್ತಿ ಇದ್ದಾಗ್ಲೇ ಇಡ್ಲಿಲ್ಲ, ಈಗೆಲ್ಲಿಂದ ಇಡ್ಲಿ! ನೋಡು, ಹಳೇ ಫಾರಂದು. ಬಣ್ಣ ನೋಡು. ಇಂಥ ಬಿಳಿ ಈಗೆಲ್ಲಿದೆ? ಹಾಲಿನ ಕೆನೆ ಇದ್ದಂಗಿದೆ."

"ಇನ್ನೂ ಪೂರ್ತಿ ಎದ್ದಿಲ್ವಲ್ಲೋ."

"ನಿನ್ ಕೈಗೆ ಸಿಕ್ರೆ ಏಳತ್ತೆ ಬಿಡು," ಎಂದು ಹಾರ್ಲನ್ ನಕ್ಕ.

ಅವಳು ಅದನ್ನು ಉಣ್ಣೆಯುಂಡೆ ಇಡಲೆಂದು ಕೊಳ್ಳಲಿಲ್ಲ. ಜೂನಿಗೆ ಒಂದು ವರ್ಷ ತುಂಬುವುದರಲ್ಲಿತ್ತು. ಎಂಟು ಮನೆಗಳಲ್ಲಿ ಎಂಟು ಬಟ್ಟೆಯ ಪ್ರಾಣಿಗಳನ್ನು ಹೊಲಿದು ಕೂರಿಸಿ ಹುಟ್ಟುಹಬ್ಬಕ್ಕೆ ಕೊಡಬೇಕೆಂದು ಅಲ್ಲೇ, ಹಾರ್ಲನನ ಗಾಡಿಯ ಮುಂದೆಯೇ ತೀರ್ಮಾನವಾಯಿತು. ವೆಂಡೆಲ್ ಕೆಳಗಿನ ಸಾಲಿನ ಅಂಚನ್ನು ಮಗುವಿನ ಎದೆಯ ಎತ್ತರಕ್ಕೆ ಸರಿಹೊಂದಿಸಿ ಗೋಡೆಗೆ ಬಿಗಿದ, ಎಳೆದರೆ ಬೀಳದಂತೆ. ಅವಳು ಎರಡು ವಾರ ಉಪ್ಪುಕಾಗದ ಹಿಡಿದು ಕೂತಳು. ಹೊರಗಿನ ಶೆಡ್ಡಿನಲ್ಲಿ ಉಜ್ಜಬಹುದಿತ್ತು. ಆದರೆ ಮಗುವನ್ನು ಒಳಗೆ ಒಂಟಿಯಾಗಿ ಬಿಡುವುದೆಂತು? ಅದಕ್ಕೇ ಕೋಣೆಯಲ್ಲೇ ಉಜ್ಜಿದಳು. ಮಗು ಪಕ್ಕದಲ್ಲೇ ಆಡುತ್ತಿತ್ತು. ಹಿಟ್ಟಿನಂಥ ಬಿಳಿಯ ಪುಡಿ ಜೂನಿಯ ಮೂಗಿನ ತುದಿಗೆ ಹತ್ತಿದ್ದನ್ನು ಕಂಡು ಅಜ್ಜಿ ನಕ್ಕು, ಒಂದು ಫೋಟೋ ತೆಗೆದು ಟೆಸಾಗೆ ಕಳಿಸಿದಳು. ಕೆಳಗೆ ಬರೆದಳು: ನನ್ನ ಹೊಸ ಕೆಲಸದಾಳು.

ಒಂದು ವರ್ಷದ ತಪಾಸಣೆಯಲ್ಲಿ ಮಗುವಿನ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಾರೆ. ಎಲ್ಲ ಮಕ್ಕಳಿಗೂ ಮಾಡುವುದೇ. ಮರುದಿನ ಟೆಸಾ ಕೆಲಸದ ನಡುವೆ ಫೋನ್ ಮಾಡಿದಳು.

"ಅಮ್ಮಾ, ಜೂನಿ ರಕ್ತದಲ್ಲಿ ಸೀಸ ಇದೆಯಂತೆ."

"ಸೀಸನಾ? ಯಾವ ಸೀಸ?"

"ಅದೇ ಸೀಸ. ಲೋಹ. ಮೂರೂವರೆ ದಾಟಿದ್ರೇ ನೋಡ್ಬೇಕಂತೆ. ಇವಳದು ಹತ್ತೊಂಬತ್ತು." ಟೆಸಾ ಉಸಿರೆಳೆದುಕೊಂಡಳು. "ಹಳೇ ಮನೆ ಬಣ್ಣದಿಂದ ಬರತ್ತಂತೆ. ಎಪ್ಪತ್ತೆಂಟಕ್ಕಿಂತ ಮೊದ್ಲು ಕಟ್ಟಿದ ಮನೆಗಳಲ್ಲಿ, ಆಮೇಲೆ ಆ ಬಣ್ಣ ನಿಷೇಧ ಆಯ್ತಂತೆ. ಮಕ್ಕಳ ಮೆದುಳಿಗೆ ಹೋಗತ್ತಂತೆ ಅಮ್ಮಾ."

ಟೆಸಾ ಬಾಡಿಗೆಗಿದ್ದದ್ದು ಮುತ್ತಜ್ಜನ ಕಾಲದ ಮನೆ. ಕಿಟಕಿಗಳನ್ನು ಎಳೆದರೆ ಸಿಪ್ಪೆ ಉದುರುತ್ತಿತ್ತು. ಲೊರೀನಳಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವಳ ಬಾಯಿ ಸುಮ್ಮನಿರುವುದಲ್ಲ.

"ಆ ಕೊಂಪೆಗೆ ಹೋಗ್ಬೇಡ ಅಂತ ಬಡ್ಕೊಂಡೆ! ಬಾಡಿಗೆ ಕಮ್ಮಿ ಅಂತ ಹೋದೆ. ಮಗುಗಿಂತ ಹೆಚ್ಚಾಯ್ತಾ ನಿಂಗೆ? ಇವತ್ತೇ ಕರ್ಕೊಂಡು ಬಾ ಇಲ್ಲಿಗೆ. ನಮ್ಮನೆ ಕಟ್ಟಿದ್ದು ಎಂಬತ್ನಾಲ್ಕರಲ್ಲಿ, ಭಯ ಇಲ್ಲ."

ಹೆತ್ತ ತಾಯಿಯ ಮಾತು ಸರಿಯೆಂದು ಟೆಸಾಗೂ ಅನಿಸಿತ್ತು. ಡಾಕ್ಟರರೂ ಕೇಳಿದ್ದು ಅದನ್ನೇ: ಅಜ್ಜಿಯ ಮನೆ ಯಾವ ವರ್ಷದ್ದು? ಎಂಬತ್ನಾಲ್ಕು ಎಂದಾಗ, ಒಳ್ಳೆಯದು, ಪರೀಕ್ಷೆ ಮಾಡುವವರು ಬರುವ ತನಕ ಮಗು ಅಲ್ಲೇ ಇರಲಿ ಎಂದರು. ಮನೆಗೆಷ್ಟು ವಯಸ್ಸು ಎಂದು ಎಲ್ಲರೂ ಕೇಳಿದರು. ಮನೆಯೊಳಗಿನ ಸಾಮಾನಿಗೆಷ್ಟು ಎಂದು ಯಾರೂ ಕೇಳಲಿಲ್ಲ.

ಟೆಸಾ, ಜೂನಿ ಇಬ್ಬರೂ ಬಂದು ಇಳಿದುಕೊಂಡರು. ಮಗುವಿನ ತೊಟ್ಟಿಲು ಕೈಕೆಲಸದ ಕೋಣೆಗೇ ಬಂತು, ಅದು ಒಂದು ಕಾಲಕ್ಕೆ ಟೆಸಾಳ ಕೋಣೆಯೇ ಆಗಿತ್ತಲ್ಲ. ಹಗಲು ಮಾತ್ರ ಇರುತ್ತಿದ್ದ ಮಗು ಈಗ ರಾತ್ರಿಯೂ ಅಲ್ಲೇ. ಜೂನಿಗೆ ಆಗ ಹಲ್ಲು ಬರುತ್ತಿದ್ದ ಕಾಲ. ಗೂಡಿನ ಅಂಚು ಹಿಡಿದು ನಿಲ್ಲುವುದನ್ನು ಕಲಿತಿದ್ದಳು. ನಿಂತು, ಅದೇ ಅಂಚನ್ನು ಕಚ್ಚುತ್ತ, ಒಂದೊಂದೇ ಪ್ರಾಣಿಯನ್ನು ಹೊರಗೆಳೆದು ಎಸೆಯುತ್ತಿದ್ದಳು. ಅಜ್ಜಿ ಒಂದೊಂದನ್ನೇ ಎತ್ತಿ ಮತ್ತೆ ಒಳಗಿಡುತ್ತಿದ್ದಳು. ಇಂಥ ಆಟಕ್ಕೆ ಕೊನೆಯಿರುವುದಿಲ್ಲ. ಲೊರೀನ್ ದಿನಕ್ಕೆರಡು ಹೊತ್ತು ಬೇಳೆಕಾಳು, ಮಾಂಸ, ಪಾಲಕ್ ಬೇಯಿಸಿ, ನುರಿದು ತಿನ್ನಿಸಿದಳು. ಕಬ್ಬಿಣದ ಅಂಶವಿದ್ದರೆ ಸೀಸ ನಿಲ್ಲುವುದಿಲ್ಲ ಎಂದು ಡಾಕ್ಟರರು ಕೊಟ್ಟ ಚೀಟಿಯಲ್ಲಿ ಬರೆದಿತ್ತು.

"ನೋಡು, ಕೆನ್ನೆ ಹೇಗೆ ತುಂಬ್ಕೊಂಡಿದೆ," ಎಂದಳು ಗಂಡನಿಗೆ. "ಇನ್ನೊಂದು ವಾರಕ್ಕೆ ಒಂದಂಕಿಗೆ ಇಳಿಯತ್ತೆ ಬೇಕಾದ್ರೆ."

ನಾಲ್ಕನೇ ವಾರ ಮತ್ತೆ ರಕ್ತ ತೆಗೆದರು. ಈ ಸಲ ತೋಳಿನಿಂದ. ಮೂವತ್ತೊಂದು.

ಫೋನ್ ಬಂದಾಗ ಟೆಸಾ ಅಡುಗೆಮನೆಯಲ್ಲಿದ್ದಳು. ಅವಳು ಫೋನಿಟ್ಟು, ಸುಮ್ಮನೆ ಸುತ್ತಲೂ ನೋಡಿದಳು: ಗೋಡೆ, ಕಿಟಕಿ, ನೆಲ, ಮೇಜು. ಆಮೇಲೆ ತಾಯಿಯನ್ನು ನೋಡಿದಳು. ಅಷ್ಟರಲ್ಲಿ ಲೊರೀನಳಿಗೂ ಅರ್ಥವಾಗಿತ್ತು. ಆ ಮನೆಯಿಂದ ಬಿಡಿಸಿ ತಂದಮೇಲೆ ಏರಿದೆ ಎಂದರೆ ಅದು ಆ ಮನೆಯದ್ದಲ್ಲ.

ಟೆಸಾ ಆ ಮಧ್ಯಾಹ್ನವೇ ಮಗುವನ್ನೆತ್ತಿಕೊಂಡು ಗೆಳತಿಯ ಮನೆಗೆ ಹೋದಳು. ಅವರು ಹೋದಮೇಲೆ ಲೊರೀನ್ ಮಾಡಿದ್ದು, ಕೈಕಾಲು ಆಡದಾಗ ಅವಳು ಜೀವನಪೂರ್ತಿ ಮಾಡಿಕೊಂಡು ಬಂದದ್ದನ್ನೇ. ಪೊರಕೆ ಹಿಡಿದಳು. ಕೋಣೆಯ ಮೂಲೆಮೂಲೆಯನ್ನು ಗುಡಿಸಿದಳು, ಕಪಾಟುಗಳನ್ನು ಜಾಡಿಸಿದಳು, ಕೌದಿಗಳನ್ನು ಕಿಟಕಿಯಲ್ಲಿ ಕೊಡವಿದಳು, ಧೂಳೆಳೆಯುವ ಯಂತ್ರವನ್ನು ಕೋಣೆಯಿಂದ ನಡುಮನೆಗೆ, ನಡುಮನೆಯಿಂದ ಮಲಗುವ ಕೋಣೆಗೆ ಎಳೆದಾಡಿದಳು. ವೆಂಡೆಲ್ ಸಾಕೆಂದ. ಅವಳು ನಿಲ್ಲಿಸಲಿಲ್ಲ.

ಎರಡು ದಿನ ಬಿಟ್ಟು ಆರೋಗ್ಯ ಕಚೇರಿಯಿಂದ ಡೆಲ್ಫೀನ್ ಎಂಬ ನರ್ಸ್ ಬಂದಳು. ಕೂದಲು ಒಣಗಿಸುವ ಯಂತ್ರದಂಥ ಒಂದು ಉಪಕರಣ ಅವಳ ಕೈಯಲ್ಲಿತ್ತು. ಮರಕ್ಕೆ ಒತ್ತಿ ಹಿಡಿದರೆ ಬಣ್ಣದಲ್ಲಿರುವ ಸೀಸದ ಅಂಕಿ ತೋರಿಸುತ್ತಿತ್ತು. ಮನೆಯ ಗೋಡೆಗಳಲ್ಲಿ ಏನೂ ಇರಲಿಲ್ಲ. ಬಾಗಿಲಲ್ಲಿ ಇರಲಿಲ್ಲ. ಕೈಕೆಲಸದ ಕೋಣೆಗೆ ಕಾಲಿಟ್ಟವಳೇ ಡೆಲ್ಫೀನ್ ನಿಂತಳು.

"ಎಷ್ಟು ಚೆನ್ನಾಗಿ ಮಾಡಿದೀರ ಕೋಣೇನ," ಎಂದಳು. ವಿಪರೀತ ಮೆಲ್ಲಗೆ ಹೇಳಿದಳು.

ಅಂಚೆ ಕಪಾಟು, ಬಣ್ಣವಿಲ್ಲದ್ದು, ಪಾರಾಯಿತು. ಏಣಿ ಪಾರಾಯಿತು. ರಿಬ್ಬನ್ನಿನ ಕಿಟಕಿ ಬಾಗಿಲಿನ ಬಳಿ ಉಪಕರಣ ನಾಲ್ಕು ಎಂದಿತು. ಒಂದು ದಾಟಿದರೇ ಅಪಾಯ. ಆಮೇಲೆ ಕೋಳಿಗೂಡು. ಹನ್ನೆರಡೂವರೆ. ಡೆಲ್ಫೀನ್ ಇನ್ನೊಂದು ಕಡೆ ಹಿಡಿದಳು. ಹದಿಮೂರು. ಅವಳು ಮೊಣಕಾಲೂರಿ ಕೆಳಗಿನ ಸಾಲಿನ ಅಂಚಿಗೆ ಟಾರ್ಚು ಬಿಟ್ಟಳು. ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಗುರುತುಗಳಿದ್ದವು, ಮೇಲೆರಡು ಕೆಳಗೆರಡು ಹಲ್ಲಿನವು.

"ಇದನ್ನ ಉಜ್ಜಿದೀರಾ?"

"ಉಜ್ಜಿದೆ."

"ಎಲ್ಲಿ ಉಜ್ಜಿದ್ರಿ?"

"ಇಲ್ಲೇ."

"ಆಗ ಮಗು ಎಲ್ಲಿತ್ತು ಮೇಡಂ?"

ಲೊರೀನ್ ನೆಲದ ಕಡೆಗೆ ಬೆರಳು ತೋರಿಸಿದಳು. ಡೆಲ್ಫೀನ್ ಅದನ್ನು ಬರೆದುಕೊಂಡಳು. ಆಮೇಲೆ ಪೊರಕೆಯ ಬಗ್ಗೆ ಕೇಳಿದಳು, ಧೂಳೆಳೆಯುವ ಯಂತ್ರದ ಬಗ್ಗೆ ಕೇಳಿದಳು. ಒಣಗುಡಿಸಿದರೆ ಪುಡಿ ಗಾಳಿಗೇಳುತ್ತದೆ, ಸಾಮಾನ್ಯ ಯಂತ್ರ ಅದನ್ನು ಇನ್ನೊಂದು ಕಡೆಯಿಂದ ಉಗುಳುತ್ತದೆ. ಈಗ ನಡುಮನೆಯ ನೆಲದಲ್ಲೂ ಹಾಸಿಗೆಯಲ್ಲೂ ಇರಬಹುದು ಎಂದಳು. ಬೈಯಲಿಲ್ಲ. ಲೊರೀನಳಿಗೆ ಯಾರಾದರೂ ಬೈದರೆ ಸಾಕು ಎನಿಸಿತ್ತು.

"ಔಷಧಿ ಏನು ಕೊಡ್ತೀರ ಮಗುಗೆ?" ವೆಂಡೆಲ್ ಕೇಳಿದ.

"ನಲವತ್ತೈದು ದಾಟಿದ್ರೆ ಔಷಧಿ ಕೊಡ್ತಾರೆ. ಅದಕ್ಕಿಂತ ಕಮ್ಮಿ ಇದ್ರೆ ಇಲ್ಲ. ಅದಾಗೇ ಇಳೀಬೇಕು."

"ಇಳಿದ್ಮೇಲೆ ಎಲ್ಲ ಸರಿ ಹೋಗತ್ತಾ?"

"ರಕ್ತದಿಂದ ಹೋಗತ್ತೆ." ಡೆಲ್ಫೀನ್ ಬರೆಯುವುದನ್ನು ನಿಲ್ಲಿಸಿದಳು. "ಮೆದುಳಿಗೆ ಏನಾದ್ರೂ ಆಗಿದ್ರೆ, ಅದು ಈಗ ಗೊತ್ತಾಗಲ್ಲ. ಮಾತು ಬರೋವಾಗ, ಸ್ಕೂಲಿಗೆ ಹೋಗೋವಾಗ. ಏನೂ ಆಗ್ದೇನೂ ಇರಬಹುದು. ಎಷ್ಟೋ ಮಕ್ಕಳಿಗೆ ಏನೂ ಆಗಲ್ಲ."

"ನಾನೇನು ಮಾಡ್ಲಿ?" ಎಂದಳು ಲೊರೀನ್.

"ಕಾಯ್ಬೇಕು ಮೇಡಂ."

ಅರವತ್ತೊಂದು ವರ್ಷದ ಲೊರೀನ್ ಕಾಯುವುದನ್ನು ಎಂದೂ ಕಲಿತವಳಲ್ಲ. ನಾನೂರು ಮಕ್ಕಳಿಗೆ ಹನ್ನೊಂದೂವರೆಯೊಳಗೆ ಊಟ ಸಿದ್ಧ ಮಾಡಿದವಳು. ಹಾಲು ಒಡೆದರೆ, ಒಲೆ ಕೆಟ್ಟರೆ, ಬಡಿಸುವವಳು ಬಾರದಿದ್ದರೆ, ಏನಾದರೊಂದು ದಾರಿ ಅವಳ ಕೈಗೆ ಹೊಳೆಯುತ್ತಿತ್ತು. ಈಗ ಅದೇ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂರಬೇಕು. ಮಾಡಿದ್ದೂ ಆ ಕೈಯೇ.

ಮುಖವಾಡ ಹಾಕಿದ ಕೆಲಸಗಾರರು ಬಂದು ಕೋಣೆಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ, ಬಣ್ಣದ ಸಾಮಾನನ್ನೆಲ್ಲ ಸುತ್ತಿ ಹೊತ್ತೊಯ್ದರು. ಕೌದಿಗಳೂ ಹೋದವು, ಎಂಟು ಪ್ರಾಣಿಗಳೂ ಹೋದವು. ಮನೆಯನ್ನು ಮೂರು ಸಲ ಒದ್ದೆಬಟ್ಟೆಯಿಂದ ಒರೆಸಿದರು. ಲೊರೀನಳಿಗೆ ಸಾಮಾನಿನ ಮೇಲೆ ಒಂದಿಷ್ಟೂ ಆಸೆ ಉಳಿದಿರಲಿಲ್ಲ. ಅದು ಅವಳಿಗೇ ಅಚ್ಚರಿಯಾಯಿತು.

ಅವಳು ಬೇಳೆ ಬೇಯಿಸಿ ಡಬ್ಬಿಯಲ್ಲಿ ತುಂಬಿ ಟೆಸಾಳ ಹೊಸ ಬಾಡಿಗೆಮನೆಗೆ ಒಯ್ದಳು. ಟೆಸಾ ಬಾಗಿಲಲ್ಲೇ ಡಬ್ಬಿ ನೋಡಿ ಕೈಚಾಚಲಿಲ್ಲ.

"ಮನೆ ಪರೀಕ್ಷೆ ರಿಪೋರ್ಟು ಬರ್ಲಿ ಅಮ್ಮಾ. ಅಲ್ಲೀತನಕ ಆ ಅಡುಗೆಮನೇಲಿ ಮಾಡಿದ್ದು ಬೇಡ."

"ಸ್ಟೀಲ್ ಪಾತ್ರೇಲಿ ಮಾಡಿದ್ದು ಕಣೇ. ಮೂರು ಸಲ ತೊಳ್ದಿದೀನಿ."

"ಗೊತ್ತು. ಆದ್ರೂ ಬೇಡ."

ಒಳಗೆ ಜೂನಿ ಏನನ್ನೋ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು. ಲೊರೀನ್ ಡಬ್ಬಿ ಹಿಡಿದುಕೊಂಡೇ ನಿಂತಳು. ಅವಳ ಬಾಯಲ್ಲಿ ಆ ಕ್ಷಮೆಯ ಮಾತು ಎಷ್ಟು ದಿನದಿಂದ ಕೂತಿತ್ತು! ಹೇಳಿದಳು. ಮಗಳು ಕೇಳಿಸಿಕೊಂಡಳು.

"ನಿನ್ ತಪ್ಪಲ್ಲ ಅಂತ ಎಲ್ರೂ ಹೇಳ್ತಾರೆ," ಎಂದಳು ಟೆಸಾ. "ನಾನೂ ಹೇಳ್ತೀನಿ ಅಮ್ಮಾ, ಹೇಳೇ ಹೇಳ್ತೀನಿ. ಇವತ್ತು ಹೇಳಕ್ಕೆ ಆಗ್ತಿಲ್ಲ."

"ಕೊಂಪೆ ಅಂದೆನಲ್ಲ ನಿನ್ ಮನೇನ..."

"ಬಿಡು ಅದನ್ನ."

ಲೊರೀನ್ ಮನೆಗೆ ಬಂದು ಬೇಳೆಯನ್ನು ತಾನೇ ತಿಂದಳು. ತಿನ್ನದಿದ್ದರೆ ವೆಂಡೆಲ್ ಏನಾಯಿತೆಂದು ಕೇಳುತ್ತಿದ್ದ.

ಏಪ್ರಿಲಿನಲ್ಲಿ ಸಂತೆ ಮತ್ತೆ ಶುರುವಾದಾಗ ಅವಳು ಬೆಳಿಗ್ಗೆಯೇ ಹೋದಳು. ಈ ಸಲ ಕೊಳ್ಳಲಲ್ಲ. ಡೆಲ್ಫೀನ್ ಕೊಟ್ಟಿದ್ದ ಕರಪತ್ರಗಳ ಕಟ್ಟು ಕೈಯಲ್ಲಿತ್ತು. ಕಣ್ಣಿಗೆ ಬಿದ್ದದ್ದೆಲ್ಲ ಬಿಳಿ: ಬಿಳಿ ಕುರ್ಚಿ, ಬಿಳಿ ಬಾಗಿಲು, ಬಿಳಿ ಹೂದಾನಿ ಸ್ಟ್ಯಾಂಡು. ಹಿಂದೆ ಇದನ್ನೆಲ್ಲ ಕಂಡರೆ ಮುಟ್ಟಲು ಅವಳ ಬೆರಳು ತುರಿಸುತ್ತಿತ್ತು. ಈಗ ಒಂದೊಂದರ ಹಿಂದೆಯೂ ಒಂದು ಮಗು ಅಂಬೆಗಾಲಿಡುತ್ತಿರುವಂತೆ ಕಾಣುತ್ತಿತ್ತು.

ಹಾರ್ಲನ್ ಕರಪತ್ರವನ್ನು ದೂರ ಹಿಡಿದು ಓದಿದ, ಮಡಚಿ ಜೇಬಿಗಿಟ್ಟ.

"ಮಗು ವಿಷ್ಯ ಕೇಳಿ ಕರುಳು ಚುರ್ ಅಂತು ಲೊರೀನ್, ನಿಜ ಹೇಳ್ತೀನಿ. ಆದ್ರೆ ಈ ಬಣ್ಣ... ನೋಡು, ನಾನು ಬೆಳೆದಿದ್ದೇ ಇಂಥ ಬಣ್ಣದ ತೊಟ್ಟಿಲಲ್ಲಿ. ಅದನ್ನ ಕಚ್ಚಿ ಕಚ್ಚಿ ಹಲ್ಲು ಬಂತು ನಂಗೆ. ಏನಾಯ್ತು?"

"ಮಾರೋವಾಗ ಒಂದು ಮಾತು ಹೇಳು ಅಷ್ಟೇ. ಮಕ್ಕಳಿರೋ ಮನೆಗೆ ಬೇಡ ಅನ್ನು."

"ಹೇಳ್ತೀನಿ, ಹೇಳ್ತೀನಿ," ಎಂದ ಹಾರ್ಲನ್, ಮತ್ತೊಬ್ಬ ಗಿರಾಕಿಯ ಕಡೆ ತಿರುಗುತ್ತ.

ಅವನು ಕೆಟ್ಟವನಲ್ಲ. ನನಗೆ ಗೊತ್ತಿರುವ ಹಾಗೆ ಆ ಬಯಲಿನಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅದೇ ಕಷ್ಟ.

ಮುಂದಿನ ಸಾಲಿನಲ್ಲಿ ತುಂಬು ಬಸುರಿಯೊಬ್ಬಳು ಹಳೆಯ ಬಿಳಿ ತೊಟ್ಟಿಲೊಂದರ ಕಂಬಿಗಳನ್ನು ಸವರುತ್ತ ನಿಂತಿದ್ದಳು. ಅವಳ ಗಂಡ ಅದನ್ನು ಎತ್ತಿಕೊಂಡು ಹೋಗುವುದು ಹೇಗೆಂದು ಲೆಕ್ಕ ಹಾಕುತ್ತಿದ್ದ. ಲೊರೀನ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಜೂನಿಯ ಹೆಸರು ಹೇಳಿದಳು, ಮೂವತ್ತೊಂದು ಎಂದಳು. ಹೇಳುವಾಗ ಧ್ವನಿ ಏರಿತೇನೋ. ಪಕ್ಕದವರು ತಿರುಗಿ ನೋಡಿದರು. ಹುಡುಗಿ ನಯವಾಗಿ ಕೇಳಿದಳು, ಕರಪತ್ರವನ್ನೂ ತೆಗೆದುಕೊಂಡಳು.

"ಅಯ್ಯೋ, ಪಾಪ. ಇದ್ರಲ್ಲಿ ಮಗು ಮಲಗಿಸಲ್ಲ ಆಂಟಿ," ಎಂದಳು. "ಬರೀ ಅಲಂಕಾರಕ್ಕೆ. ಗೊಂಬೆ, ಬಟ್ಟೆ ಇಡಕ್ಕೆ. ಮಗು ಕೋಣೇಲಿ ಒಂದು ಮೂಲೇಲಿ ಇರತ್ತೆ ಅಷ್ಟೇ."

"ಅಲಂಕಾರಕ್ಕೆ ಅಂತಲೇ ನಾನೂ ಇಟ್ಟಿದ್ದೆ ಕಣಮ್ಮಾ."

ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಹತ್ತು ನಿಮಿಷ ಬಿಟ್ಟು ನೋಡಿದರೆ ಇಬ್ಬರೂ ತೊಟ್ಟಿಲನ್ನು ಆಚೀಚೆ ಹಿಡಿದು ಕಾರಿನ ಕಡೆ ಒಯ್ಯುತ್ತಿದ್ದರು. ಲೊರೀನ್ ಅವರ ಹಿಂದೆ ನಾಲ್ಕು ಹೆಜ್ಜೆ ಹೋದಳು. ಹೋಗಿ ಏನು ಮಾಡುವುದು, ಕಿತ್ತುಕೊಳ್ಳುವುದೇ? ಉಳಿದ ಕರಪತ್ರಗಳನ್ನು ಎದೆಗೊತ್ತಿಕೊಂಡು ನಿಂತುಬಿಟ್ಟಳು.

ಅಂಕಿ ಇಳಿಯಿತು. ಮೂವತ್ತೊಂದು ಇಪ್ಪತ್ತಾರಾಯಿತು, ಬೇಸಿಗೆಯಲ್ಲಿ ಹದಿನೆಂಟು, ಸೆಪ್ಟೆಂಬರಿನಲ್ಲಿ ಹನ್ನೆರಡು. ಮೂಳೆಯಲ್ಲಿ ಕೂತದ್ದು ಮೆಲ್ಲಗೆ ರಕ್ತಕ್ಕೆ ಬಂದು ಮೆಲ್ಲಗೇ ಹೋಗಬೇಕಂತೆ. ಅಷ್ಟರಲ್ಲಿ ಟೆಸಾ ಆ ದಿನ ಹೇಳಲಾಗದ ಮಾತನ್ನು ಹೇಳಿದ್ದಳು, ತಾಯಿಯನ್ನು ತಬ್ಬಿಕೊಂಡೂ ಇದ್ದಳು. ಆದರೆ ಅಜ್ಜಿ ಮೊಮ್ಮಗಳು ಸೇರುವುದು ಊರಿನ ಪಾರ್ಕಿನಲ್ಲೇ ಎಂಬುದು ಹಾಗೇ ಉಳಿದುಹೋಯಿತು. ಮನೆಯ ರಿಪೋರ್ಟು ಶುದ್ಧವೆಂದು ಬಂದಮೇಲೂ ಮನೆಗೆ ಕರೆಯಲು ಲೊರೀನಳಿಗೇ ಧೈರ್ಯ ಬರಲಿಲ್ಲ.

ಜೂನಿಗೆ ಎರಡು ತುಂಬಲು ಮೂರು ವಾರವಿತ್ತು. ಎರಡು ವರ್ಷಕ್ಕೆ ಐವತ್ತು ಪದ ಬರಬೇಕೆಂದು ಡಾಕ್ಟರರ ಚೀಟಿಯಲ್ಲಿತ್ತು. ಅವಳಿಗೆ ಬರುತ್ತಿದ್ದದ್ದು ಹದಿನೇಳು. ಕೆಲವು ಮಕ್ಕಳಿಗೆ ಸೀಸವಿಲ್ಲದೆಯೂ ಮಾತು ತಡ. ಟೆಸಾಗೇ ತಡವಾಗಿತ್ತು ಎಂದು ವೆಂಡೆಲ್ ನೂರು ಸಲ ಹೇಳಿದ್ದ. ಹಾಗೂ ಇರಬಹುದು. ಹೀಗೂ ಇರಬಹುದು. ಯಾರಿಗೂ ತಿಳಿಯುವಂತಿಲ್ಲ ಎನ್ನುವುದೇ ಅದರ ಹಿಂಸೆ.

ಆ ಭಾನುವಾರ ಪಾರ್ಕಿನ ಬೆಂಚಿನಲ್ಲಿ ಕೂತು ಲೊರೀನ್ ಮಗುವಿಗೆ ಬಿಸ್ಕತ್ತು ತೋರಿಸುತ್ತ, "ಇದೇನು ಪುಟ್ಟಿ? ಹೇಳು. ಇದು? ಅಲ್ಲಿ ಹೋಯ್ತಲ್ಲ, ಅದೇನು?" ಎನ್ನುತ್ತಿದ್ದಳು. ಮೆಟ್ಟಿಲು ಹತ್ತುವಾಗ ಜೂನಿ ಎರಡು ಸಲ ಮುಗ್ಗರಿಸಿದ್ದನ್ನು ನೋಡಿದ್ದಳು. ಕೆಂಪು ಚೆಂಡು ತಾ ಎಂದರೆ ಹಳದಿಯದನ್ನು ತಂದದ್ದನ್ನು ನೋಡಿದ್ದಳು.

"ಅಮ್ಮಾ, ಅವಳನ್ನ ಪರೀಕ್ಷೆ ಮಾಡ್ಬೇಡ," ಎಂದಳು ಟೆಸಾ. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವಂತೆ. "ಪ್ರತಿ ವಾರ ಇದೇ ಮಾಡ್ತೀಯ. ಸುಮ್ನೆ ಅಜ್ಜಿ ಆಗಿರು, ಅಷ್ಟೇ ಸಾಕು."

"ಆಯ್ತು, ಮಾಡಲ್ಲ."

ಲೊರೀನ್ ಬಿಸ್ಕತ್ತನ್ನು ಕೊಟ್ಟುಬಿಟ್ಟಳು. ಸುಮ್ಮನೆ ಅಜ್ಜಿಯಾಗಿರುವುದು ಹೇಗೆಂದು ನೆನಪು ಮಾಡಿಕೊಳ್ಳಲು ನೋಡಿದಳು. ಒಂದು ವರ್ಷದ ಹಿಂದೆ ಅದು ಬರುತ್ತಿತ್ತು. ಜೂನಿ ಮರಗಳ ಕಡೆ ಓಡಿದಳು. ನೋಡಬಾರದೆಂದು ಲೊರೀನ್ ಬಲವಂತವಾಗಿ ಮುಖ ತಿರುಗಿಸಿದಾಗ ಕಂಡದ್ದು ಮಗಳ ಕೈ. ಟೆಸಾ ಮಗುವಿನ ಮೇಲೇ ಕಣ್ಣಿಟ್ಟು, ತುಟಿಯಲ್ಲಿ ಏನನ್ನೋ ಅನ್ನುತ್ತ, ಮಡಿಲಲ್ಲಿ ಒಂದೊಂದೇ ಬೆರಳು ಮಡಚುತ್ತಿದ್ದಳು. ಹಾಲು, ನಾಯಿ, ಬೇಡ, ಶೂ. ಬೆರಳು ಮುಗಿದು ಮತ್ತೆ ಮೊದಲಿನಿಂದ ಶುರುಮಾಡಿದಳು.

ಲೊರೀನಳಿಗೆ ಮಗಳ ಕೈಯನ್ನು ಹಿಡಿದುಕೊಳ್ಳಬೇಕೆನಿಸಿತು. ಹಿಡಿದರೆ ತಾನು ನೋಡಿದ್ದು ಅವಳಿಗೆ ಗೊತ್ತಾಗುತ್ತಿತ್ತು.

ಜೂನಿ ಒಂದು ಉದುರೆಲೆಯನ್ನು ಎತ್ತಿಕೊಂಡು ಓಡಿಬಂದಳು. ಇಬ್ಬರಿಗೂ ಕಾಣುವಂತೆ ಮೇಲಕ್ಕೆ ಹಿಡಿದು ಏನೋ ಒಂದು ಅಂದಳು. ಒಂದು ಸದ್ದು, ಪದವೂ ಆಗಿರಬಹುದು.

"ಏನಂದೆ? ಏನಂದೆ ಕಂದಾ?" ತಾಯಿ, ಅಜ್ಜಿ ಇಬ್ಬರೂ ಒಟ್ಟಿಗೇ ಬೆಂಚಿನಿಂದ ಬಾಗಿದರು. "ಇನ್ನೊಂದ್ಸಲ ಅನ್ನು. ಹೇಳು ಬಂಗಾರ, ಹೇಳು!"

ಎರಡು ದೊಡ್ಡ ಮುಖಗಳು ಅಷ್ಟು ಹತ್ತಿರಕ್ಕೆ ಬಂದದ್ದನ್ನು ಕಂಡು ಮಗು ಬೆದರಿತು. ಒಂದು ಹೆಜ್ಜೆ ಹಿಂದೆ ಸರಿಯಿತು. ತಾನೇನೋ ತಪ್ಪು ಮಾಡಿದೆ ಎಂಬಂತೆ ಎಲೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ತುಟಿ ಬಿಗಿದು ನಿಂತುಕೊಂಡಿತು.